ಇಂಗಿನ ನಾಲ್ಕು ಡಬ್ಬಿ: ಉಗ್ರಾಣ ಏಕೆ ಕಾಲಿಡಲಾಗದಂತೆ ತುಂಬುತ್ತದೆ?

ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿರುತ್ತದೋ ಅವರಿಗೆ ಊಟ ಕೊನೆಯ ಪಂಕ್ತಿಯಲ್ಲಿ. ನೆಂಟರಿಷ್ಟರ ಹದಿನೈದಾದರೂ ಮದುವೆಗಳಲ್ಲಿ ಆ ಬೀಗದ ಕೈ ನನ್ನ ಬಳಿ ಇತ್ತು. ನಾನು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಟ್ಟು ಬೋಲ್ಟಿನ ಲೆಕ್ಕ ಇಟ್ಟವನಿಗೆ ಅಕ್ಕಿ ಬೇಳೆಯ ಲೆಕ್ಕ ಯಾವ ಲೆಕ್ಕ ಎಂಬುದು ನೆಂಟರ ವಾದ. ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ನಟ್ಟು ಮೂರು ದಿನಕ್ಕೆ ಕೊಳೆಯುವುದಿಲ್ಲ; ಅದು ಬೇಕೆಂದು ಬೆಳಗಿನ ಜಾವ ನಾಲ್ಕಕ್ಕೆ ಯಾರೂ ಬಾಗಿಲು ಬಡಿಯುವುದೂ ಇಲ್ಲ.

ಮೊದಲ ಸಲ ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ. ಊರಾಚೆಯ ಒಂದು ಕಲ್ಯಾಣ ಮಂಟಪ. ಊಟದ ಮನೆಯಲ್ಲಿ ಒಂದೇ ಪಂಕ್ತಿಗೆ ಮುನ್ನೂರು ಜನ ಕೂರಬಹುದು. ಉಗ್ರಾಣ ಮಾತ್ರ ಹತ್ತಡಿಗೆ ಹನ್ನೆರಡಡಿ, ಅದೂ ಮೆಟ್ಟಿಲ ಕೆಳಗೆ. ಮಂಟಪ ಕಟ್ಟಿಸುವವರು ತೂಗುದೀಪಕ್ಕೆ ಖರ್ಚು ಮಾಡಿದಷ್ಟು ಉತ್ಸಾಹವನ್ನು ಉಗ್ರಾಣದ ಮೇಲೆ ತೋರಿಸಿದ್ದನ್ನು ನಾನು ಈವರೆಗೆ ಕಂಡಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಸಾಮಾನು ಬರತೊಡಗಿತು. ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆಯ ಡಬ್ಬಗಳು, ತೆಂಗಿನಕಾಯಿ ಮೂಟೆಗಳು, ನೀರಿನ ಬಾಟಲಿಗಳ ಪೆಟ್ಟಿಗೆಗಳು, ತಾಂಬೂಲದ ಚೀಲಗಳು. ಅವುಗಳ ಹಿಂದೆಯೇ ಹೆಣ್ಣಿನ ಕಡೆಯವರ ಸೂಟ್‌ಕೇಸುಗಳು, ಅಲಂಕಾರದವರ ತಂತಿ ಸುರುಳಿ, ಯಾರದ್ದೋ ಮಗುವಿನ ತಳ್ಳುಗಾಡಿ. 'ಇದೊಂದು ಇರಲಿ, ಆಮೇಲೆ ತೆಗೆದುಕೊಳ್ಳುತ್ತೇನೆ' ಎಂದು ಎಲ್ಲರೂ ಹೇಳಿದರು. ನಾನು ಎಲ್ಲರಿಗೂ ಹೂಂ ಎಂದೆ.

ಬೆಳಗ್ಗೆ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಅಡುಗೆ ಭಟ್ಟರು ಇಂಗು ಕೇಳಿದರು. ಪಟ್ಟಿಯ ಪ್ರಕಾರ ಎರಡು ಡಬ್ಬಿ ಬಂದಿತ್ತು. ಎಲ್ಲಿ? ಬಾಟಲಿ ಪೆಟ್ಟಿಗೆ ಸರಿಸಿದರೆ ತೆಂಗಿನಕಾಯಿ ಉರುಳುತ್ತದೆ, ಮೂಟೆ ಎತ್ತಿದರೆ ನಿಲ್ಲಿಸಲು ನೆಲವಿಲ್ಲ. ಕೊನೆಗೆ ಹುಡುಗನೊಬ್ಬನನ್ನು ಸ್ಕೂಟರಿನಲ್ಲಿ ಅಂಗಡಿಗೆ ಓಡಿಸಿದೆ. ಅವನು ತಂದ ಡಬ್ಬಿಯಿಂದ ಒಂದು ಚಿಟಿಕೆ ಬಳಸಿ ಯಾರೋ ಸಕ್ಕರೆ ಮೂಟೆಯ ಮೇಲೆ ಇಟ್ಟರು, ಅದರ ಮೇಲೆ ಬಾಳೆ ಎಲೆಯ ಕಟ್ಟು ಬಂದು ಕೂತಿತು. ಸಂಜೆ ಆರತಕ್ಷತೆಯ ಅಡುಗೆಗೆ ಮತ್ತೆ ಇಂಗು ಬೇಕಾಯಿತು, ಹುಡುಗ ಮತ್ತೆ ಓಡಿದ. ಮರುದಿನ ಉಗ್ರಾಣ ಖಾಲಿ ಮಾಡುವಾಗ ನಾಲ್ಕು ಡಬ್ಬಿ ಸಿಕ್ಕವು. ಎರಡರ ಮುಚ್ಚಳವನ್ನೇ ತೆಗೆದಿರಲಿಲ್ಲ.

ತುಂಬಿದ ಕೋಣೆಯಲ್ಲಿ ವಸ್ತು ಸಿಗುವುದಿಲ್ಲ. ಸಿಗದ ವಸ್ತುವೂ ಇಲ್ಲದ ವಸ್ತುವೂ ಕೆಲಸ ಮಾಡುವವನ ಪಾಲಿಗೆ ಒಂದೇ, ಆದ್ದರಿಂದ ಅವನು ಇನ್ನೊಂದು ತರಿಸುತ್ತಾನೆ. ಕೋಣೆ ಇನ್ನಷ್ಟು ತುಂಬುತ್ತದೆ, ಮುಂದಿನ ವಸ್ತು ಇನ್ನೂ ಬೇಗ ಕಳೆದುಹೋಗುತ್ತದೆ. ಕಾರ್ಖಾನೆಯಲ್ಲೂ ಇದನ್ನೇ ಕಂಡಿದ್ದೇನೆ. ಬಿನ್ ಕಾರ್ಡಿನಲ್ಲಿ, ಅಂದರೆ ಒಂದೊಂದು ಸಾಮಾನಿನ ಲೆಕ್ಕ ಬರೆದಿಡುವ ಚೀಟಿಯಲ್ಲಿ, ಹನ್ನೆರಡು ಬೇರಿಂಗ್ ಇವೆ ಎಂದು ಬರೆದಿರುತ್ತದೆ, ಕೈಗೆ ಒಂದೂ ಸಿಗುವುದಿಲ್ಲ, ಯಂತ್ರ ನಿಂತಿರುತ್ತದೆ. ತುರ್ತು ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹಾಕಿ ಆರು ತರಿಸುತ್ತೇವೆ. ವರ್ಷದ ಕೊನೆಯ ಎಣಿಕೆಯಲ್ಲಿ ಹದಿನೇಳು ಸಿಗುತ್ತವೆ. ಉಗ್ರಾಣ ತನ್ನ ಹೊಟ್ಟೆಯನ್ನು ತಾನೇ ತುಂಬಿಸಿಕೊಳ್ಳುವ ಬಗೆ ಇದು.

ಹೊತ್ತಿನ ಲೆಕ್ಕ

ಜಾಗ ಸಾಲದು ಎಂಬ ದೂರು ಎಲ್ಲಿ ಕೇಳಿದರೂ ನನಗೆ ಮೊದಲು ಅನುಮಾನ ಬರುವುದು ಗೋಡೆಗಳ ಮೇಲಲ್ಲ, ಗಡಿಯಾರದ ಮೇಲೆ. ಇದಕ್ಕೊಂದು ಗಣಿತದ ಆಧಾರವಿದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮ ಸರದಿ ಸಾಲುಗಳಿಗೆ ಸಂಬಂಧಿಸಿದ್ದು. ಒಂದು ಜಾಗದಲ್ಲಿ ಸರಾಸರಿ ಎಷ್ಟು ವಸ್ತು ಇರುತ್ತದೆ ಎಂದು ತಿಳಿಯಬೇಕಾದರೆ, ದಿನಕ್ಕೆ ಎಷ್ಟು ಬರುತ್ತದೆ ಎಂಬುದನ್ನು ಒಂದೊಂದು ಎಷ್ಟು ದಿನ ಅಲ್ಲಿ ಉಳಿಯುತ್ತದೆ ಎಂಬುದರಿಂದ ಗುಣಿಸಬೇಕು. ಅಷ್ಟೇ. ಬ್ಯಾಂಕಿನ ಸಾಲಿಗೂ ಆಸ್ಪತ್ರೆಯ ಹಾಸಿಗೆಗಳಿಗೂ ಮದುವೆಯ ತರಕಾರಿಗೂ ಇದೇ ಲೆಕ್ಕ.

ತರಕಾರಿಯನ್ನೇ ತೆಗೆದುಕೊಳ್ಳೋಣ. ಅಡುಗೆ ಮನೆಗೆ ದಿನಕ್ಕೆ 150 ಕಿಲೋ ಬೇಕು ಎಂದಿಟ್ಟುಕೊಳ್ಳಿ. ಅದು ಮಾರುಕಟ್ಟೆಯಿಂದ ಬಂದು ಅರ್ಧ ದಿನದಲ್ಲಿ ಹೆಚ್ಚುವ ಮಣೆಯ ಮುಂದೆ ಹೋದರೆ, ಉಗ್ರಾಣದಲ್ಲಿ ಸರಾಸರಿ 75 ಕಿಲೋ ಇರುತ್ತದೆ. 'ಹಬ್ಬ ಬರುತ್ತಿದೆ, ಬೆಲೆ ಏರಬಹುದು' ಎಂದು ಎರಡು ದಿನ ಮೊದಲೇ ತರಿಸಿದರೆ 300 ಕಿಲೋ. ಅಡುಗೆ ಅಷ್ಟೇ, ಉಣ್ಣುವವರು ಅಷ್ಟೇ, ಕೋಣೆಯೂ ಅಷ್ಟೇ. ಬದಲಾದದ್ದು ತರಕಾರಿ ಅಲ್ಲಿ ಕಾಯುತ್ತ ಕೂತ ಹೊತ್ತು ಮಾತ್ರ.

ಈ ಲೆಕ್ಕದ ನಿಜವಾದ ಉಪಯೋಗ ಬೇರೆ ಕಡೆ ಇದೆ. ತುಂಬಿದ್ದು ಉಗ್ರಾಣವಾದರೂ ಕಾಯಿಲೆ ಇನ್ನೆಲ್ಲೋ ಇರುತ್ತದೆ ಎಂಬುದನ್ನು ಅದು ತೋರಿಸುತ್ತದೆ. ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ದಿನಕ್ಕೆ ನಲವತ್ತು ಪೆಟ್ಟಿಗೆ ಬಿಡಿಭಾಗ ಬರುತ್ತಿತ್ತು. ಒಂದೊಂದು ಪೆಟ್ಟಿಗೆ ಹತ್ತು ದಿನ ಉಳಿಯುತ್ತಿತ್ತು, ಅಂದರೆ ನಾನೂರು ಪೆಟ್ಟಿಗೆಗೆ ಜಾಗ ಬೇಕು, ಅಷ್ಟು ಇತ್ತು. ಕೆಲವು ತಿಂಗಳಲ್ಲಿ ಪೆಟ್ಟಿಗೆಗಳು ಓಡಾಡುವ ದಾರಿಗೆ, ಆಮೇಲೆ ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಬಂದವು. ಹೊಸ ಗೋದಾಮಿಗೆ ಅಂದಾಜು ಪಟ್ಟಿಯೂ ತಯಾರಾಯಿತು. ಆಗ ಹಿರಿಯ ಗುಮಾಸ್ತರೊಬ್ಬರು ಗೇಟ್ ಪುಸ್ತಕ ತೆಗೆದು ದಿನಾಂಕ ನೋಡಿದರು. ಪೆಟ್ಟಿಗೆಗಳು ಈಗ ಹದಿನೈದು ದಿನ ಉಳಿಯುತ್ತಿದ್ದವು. ಗುಣಮಟ್ಟ ಪರೀಕ್ಷಿಸುವ ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟಿದ್ದರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಪರೀಕ್ಷೆಗೆ ಐದು ದಿನ ತಡವಾದರೆ ಇನ್ನೂರು ಪೆಟ್ಟಿಗೆ ಹೆಚ್ಚು. ಗೋದಾಮು ಕಟ್ಟಿದ್ದರೆ ಆ ಇನ್ನೂರಕ್ಕೆ ಸೂರು ಸಿಗುತ್ತಿತ್ತು, ಅಷ್ಟೇ. ಒಬ್ಬ ಪರೀಕ್ಷಕ ಬಂದ ಮೇಲೆ ಸೈಕಲ್‌ಗಳು ತಮ್ಮ ಜಾಗಕ್ಕೆ ಮರಳಿದವು.

ಹೊತ್ತನ್ನು ಹೀಗೆ ಆಳುವುದರಲ್ಲಿ ನಮ್ಮ ದೇವಸ್ಥಾನಗಳು ಕಾರ್ಖಾನೆಗಳಿಗೆ ಹಿರಿಯಣ್ಣಂದಿರು. ಉಡುಪಿಯಲ್ಲಿ ಶ್ರೀಕೃಷ್ಣನ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೈ ಬದಲಾಗುತ್ತದೆ. ಜನವರಿ 18ರಂದು ನಡೆಯುವ ಆ ಹಸ್ತಾಂತರವೇ ಪರ್ಯಾಯ. ಪೀಠ ಏರುವ ಮಠಕ್ಕೆ ಎರಡು ವರ್ಷ ಪ್ರತಿದಿನ ಬಂದವರಿಗೆಲ್ಲ ಊಟ ಹಾಕುವ ಹೊಣೆ. ಅದಕ್ಕೆ ಬೇಕಾದ್ದನ್ನೆಲ್ಲ ಕೊನೆಯ ವಾರ ತಂದು ಒಟ್ಟಿದರೆ ಯಾವ ಉಗ್ರಾಣವೂ ಸಾಲದು. ಹಾಗಾಗಿ ತಯಾರಿಯನ್ನು ನಾಲ್ಕು ಮುಹೂರ್ತಗಳಾಗಿ ಹರಡಿದ್ದಾರೆ. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ಮುಹೂರ್ತ ಪರ್ಯಾಯಕ್ಕೆ ವರ್ಷಕ್ಕೂ ಮೊದಲೇ ನಡೆಯುತ್ತದೆ. ಆಗ ನೆಟ್ಟ ಬಾಳೆ ಎಲೆ ಕೊಡುವಷ್ಟು, ಗೊನೆ ಬಿಡುವಷ್ಟು ಬೆಳೆಯಲು ಬೇಕಾದ ಕಾಲ ಅದು. ಬೇಕಾಗುವ ಎಲೆ ಮತ್ತು ಕಾಯಿ ಅಲ್ಲಿಯವರೆಗೆ ನೆಲದಲ್ಲೇ ಇರುತ್ತದೆ, ಉಗ್ರಾಣದ ಒಂದಡಿ ಜಾಗವನ್ನೂ ಕೇಳುವುದಿಲ್ಲ. ಕಟ್ಟಿಗೆಯದ್ದು ಇನ್ನೂ ಚೆಂದ. ಸೌದೆಯನ್ನು ತಿಂಗಳುಗಳ ಮೊದಲೇ ತಂದು ಬಯಲಿನಲ್ಲಿ ರಥದ ಆಕಾರಕ್ಕೆ ಎತ್ತರವಾಗಿ ಜೋಡಿಸುತ್ತಾರೆ. ಭಕ್ತರಿಗೆ ಅದು ಕಟ್ಟಿಗೆ ರಥ. ಸ್ಟೋರ್ಸಿನವನ ಕಣ್ಣಿಗೆ ಅದು ಕಡಿಮೆ ನೆಲದಲ್ಲಿ ಹೆಚ್ಚು ಸೌದೆ, ಸುತ್ತಲೂ ಗಾಳಿ, ಒಂದು ನೋಟದಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವ ದಾಸ್ತಾನು. ಎರಡೂ ನಿಜವೇ.

ಹೊರೆಕಾಣಿಕೆಯದ್ದು ಬೇರೆ ಬಗೆಯ ತಲೆನೋವು. ಪರ್ಯಾಯಕ್ಕೋ ಬ್ರಹ್ಮಕಲಶೋತ್ಸವಕ್ಕೋ ಊರೂರಿನ ಭಕ್ತರು ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿಯನ್ನು ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ. ಪ್ರೀತಿಯಿಂದ ಬಂದದ್ದನ್ನು ಬೇಡ ಎನ್ನುವಂತಿಲ್ಲ. ಕುಂಬಳಕಾಯಿ ಕಾಯುತ್ತದೆ, ಸೊಪ್ಪು ಕಾಯುವುದಿಲ್ಲ. ಎಷ್ಟು ಬರುತ್ತದೆ ಎಂಬುದು ಕೈಯಲ್ಲಿಲ್ಲದಿದ್ದರೂ ಯಾವಾಗ ಬರುತ್ತದೆ ಎಂಬುದನ್ನು ಹಿಡಿಯಬಹುದು. ಒಂದೊಂದು ಸೀಮೆಯವರಿಗೆ ಒಂದೊಂದು ದಿನ ಗೊತ್ತು ಮಾಡಿದರೆ ಗೌರವಕ್ಕೂ ಕುಂದಿಲ್ಲ, ಉಗ್ರಾಣಕ್ಕೂ ಉಸಿರಾಡಲು ಬಿಡುವು. ಮದುವೆಯಲ್ಲಿ ನಾನು ಈಗ ಮಾಡುವುದು ಇದನ್ನೇ. ದಿನಸಿ ಅಂಗಡಿಯವರಿಗೆ ಹಿಂದಿನ ದಿನ ಬೆಳಗ್ಗೆ, ನೀರಿನ ಬಾಟಲಿಯವರಿಗೆ ಸಂಜೆ, ಹಾಲು ಮೊಸರು ತರಕಾರಿಯವರಿಗೆ ಆಯಾ ಹೊತ್ತಿಗೆ ಸ್ವಲ್ಪ ಮೊದಲು. ಬಾಟಲಿಗಳನ್ನು ಎರಡು ಕಂತಿನಲ್ಲಿ ತರುವಂತೆ ಕೇಳಿದರೆ ಅವರು ಗೊಣಗುತ್ತಾರೆ, ಆದರೆ ತರುತ್ತಾರೆ.

ಖಾಲಿ ಮನೆಯ ಬೆಲೆ

ಮಕ್ಕಳ ಒಂದು ಆಟವಿದೆ. ನಾಲ್ಕಕ್ಕೆ ನಾಲ್ಕು ಮನೆಯ ಪುಟ್ಟ ಚೌಕಟ್ಟು, ಒಳಗೆ ಒಂದರಿಂದ ಹದಿನೈದರವರೆಗಿನ ಬಿಲ್ಲೆಗಳು, ಒಂದು ಮನೆ ಖಾಲಿ. ಬಿಲ್ಲೆಗಳನ್ನು ಜಾರಿಸಿ ಸಂಖ್ಯೆಗಳನ್ನು ಕ್ರಮಕ್ಕೆ ತರಬೇಕು. ಆ ಖಾಲಿ ಮನೆಯನ್ನು 'ವ್ಯರ್ಥ' ಎಂದು ಹದಿನಾರನೆಯ ಬಿಲ್ಲೆ ತುರುಕಿದರೆ ಆಟವೇ ಮುಗಿಯಿತು. ಉಗ್ರಾಣದಲ್ಲಿ ಓಡಾಡುವ ದಾರಿ ಅಂಥ ಖಾಲಿ ಮನೆ. ಗೋದಾಮು ನಡೆಸುವವರಲ್ಲಿ ಒಂದು ಅನುಭವದ ಮಾತಿದೆ. ಜಾಗ ಶೇಕಡ 85ರ ಸುತ್ತಮುತ್ತ ತುಂಬಿದ ಮೇಲೆ ಕೆಲಸ ಕುಂಟತೊಡಗುತ್ತದೆ. ಒಂದು ಪೆಟ್ಟಿಗೆ ತೆಗೆಯಲು ಮೂರು ಪೆಟ್ಟಿಗೆ ಸರಿಸಬೇಕು, ಆ ಮೂರನ್ನು ಇಡಲು ಇನ್ನೆರಡು. ಕೋಣೆ ತುಂಬಿದೆಯೇ ಇಲ್ಲವೇ ಎಂದು ನೋಡಲು ನನ್ನದೊಂದು ಸುಲಭ ಪರೀಕ್ಷೆ ಇದೆ. ತುಂಬಿದ ಕೊಳಗವನ್ನು ಎರಡು ಕೈಯಲ್ಲಿ ಹಿಡಿದವನು ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಹೋಗಿ ತಿರುಗಿ ಬರಲಾಗಬೇಕು. ತಿರುಗಲಾಗದಿದ್ದರೆ ಕೋಣೆ ತುಂಬಿದಂತೆ, ಮೇಲೆ ಅಟ್ಟ ಖಾಲಿ ಇದ್ದರೂ.

ದಾರಿ ಮುಚ್ಚಿದ ಉಗ್ರಾಣದಲ್ಲಿ ಇನ್ನೊಂದು ಅನಾಹುತ ಸದ್ದಿಲ್ಲದೆ ನಡೆಯುತ್ತದೆ. ಕೊನೆಗೆ ಬಂದದ್ದು ಬಾಗಿಲ ಬಳಿ ಇರುತ್ತದೆ, ಕೈಗೆ ಅದೇ ಸಿಗುತ್ತದೆ, ಅದೇ ಮೊದಲು ಖರ್ಚಾಗುತ್ತದೆ. ಮೊದಲು ಬಂದ ಮೊಸರು ಹಿಂದಿನ ಗೋಡೆಗೆ ಒರಗಿಕೊಂಡು ಹುಳಿಯಾಗುತ್ತದೆ. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ಅದು ನಡೆಯುವುದು ನೆನಪಿನ ಬಲದಿಂದಲ್ಲ, ದಾರಿಯ ಬಲದಿಂದ. ಹಳೆಯದು ಮುಂದೆ, ಹೊಸದು ಹಿಂದೆ ಬರುವಂತೆ ಇಡಲು ಹಿಂದಕ್ಕೆ ಹೋಗುವ ದಾರಿ ಇರಬೇಕು. ತಿನ್ನುವ ಪದಾರ್ಥಗಳಲ್ಲಿ ಇನ್ನೊಂದು ತಿದ್ದುಪಡಿಯೂ ಬೇಕು. ಮೊದಲು ಬಂದದ್ದಕ್ಕಿಂತ ಮೊದಲು ಕೆಡುವುದು ಮುಂದೆ ಹೋಗಬೇಕು. ನಿನ್ನೆ ಬಂದ ಸುವರ್ಣಗೆಡ್ಡೆಗಿಂತ ಇಂದು ಬಂದ ಕೊತ್ತಂಬರಿ ಸೊಪ್ಪಿಗೆ ಅವಸರ ಹೆಚ್ಚು.

ಬಾಗಿಲ ಬಳಿ ಏನಿರಬೇಕು ಎಂಬುದಕ್ಕೆ ಪುಸ್ತಕದ ಉತ್ತರವೊಂದಿದೆ. ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಸಂಪತ್ತು ಕೆಲವೇ ಜನರ ಕೈಯಲ್ಲಿ ಸೇರಿಕೊಂಡಿರುವುದನ್ನು ಗಮನಿಸಿದ್ದ. ಅದೇ ನೋಟವನ್ನು 1951ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೋರ್ಡ್ ಡಿಕ್ಕಿ ದಾಸ್ತಾನಿಗೆ ತಂದ. ಸಾವಿರ ಬಗೆಯ ವಸ್ತುಗಳಲ್ಲಿ ಕೆಲವೇ ಕೆಲವು ಬಹುಪಾಲು ಹಣವನ್ನು ಹಿಡಿದಿರುತ್ತವೆ, ಅವನ್ನು ಎ ಎಂದು, ನಡುವಿನವನ್ನು ಬಿ ಎಂದು, ಉಳಿದ ಚಿಲ್ಲರೆಯನ್ನು ಸಿ ಎಂದು ಗುರುತು ಮಾಡಿ, ಗಮನವನ್ನು ಅದಕ್ಕೆ ತಕ್ಕಂತೆ ಹಂಚಿ ಎಂದ. ಕಾರ್ಖಾನೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮದುವೆಯಲ್ಲಿ ಇದನ್ನೇ ನಂಬಿದರೆ ಗೋಡಂಬಿಗೆ ಕಾವಲು ಕೂರುತ್ತೀರಿ, ಬೆಂಕಿಪೊಟ್ಟಣ ಇರುವುದಿಲ್ಲ. ಆಸ್ಪತ್ರೆಗಳ ಔಷಧ ಉಗ್ರಾಣದವರು ಇದಕ್ಕೆ ಪೂರಕವಾಗಿ ಇನ್ನೊಂದು ವಿಂಗಡಣೆ ಬಳಸುತ್ತಾರೆ. ಇದಿಲ್ಲದೆ ಜೀವ ಉಳಿಯದು, ಇದು ಬೇಕು, ಇದು ಇದ್ದರೆ ಒಳ್ಳೆಯದು, ಹೀಗೆ ಮೂರು ಗುಂಪು. ಬೆಲೆಯ ಮಾತೇ ಇಲ್ಲ. ಉಪ್ಪು, ಬೆಂಕಿಪೊಟ್ಟಣ, ಇಂಗು, ಕರ್ಪೂರ, ಕತ್ತರಿ, ಹಗ್ಗ. ಎಲ್ಲ ಸೇರಿ ಐನೂರು ರೂಪಾಯಿ ದಾಟುವುದಿಲ್ಲ, ಒಂದು ತಪ್ಪಿದರೂ ಮದುವೆ ನಿಲ್ಲುತ್ತದೆ. ಇವುಗಳಿಗೆ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕೈಚೀಲ.

ಕಾರ್ಖಾನೆಯಲ್ಲಿ ಕಿಟ್ ಎನ್ನುವುದನ್ನು ನನ್ನ ಸೋದರತ್ತೆ ಯಾವ ತರಬೇತಿಯೂ ಇಲ್ಲದೆ ಮಾಡುತ್ತಿದ್ದರು. ಒಂದು ಯಂತ್ರ ಜೋಡಿಸಲು ಬೇಕಾದ ಎಲ್ಲ ಭಾಗಗಳನ್ನು ಒಂದೇ ತಟ್ಟೆಗೆ ಹಾಕಿ ಕಳಿಸುವುದೇ ಕಿಟ್. ಅತ್ತೆಯದ್ದು ಬಟ್ಟೆಯ ಚೀಲಗಳು. ನಾಂದಿಗೆ ಒಂದು, ವರಪೂಜೆಗೆ ಒಂದು, ಧಾರೆಗೆ ಒಂದು. ಆಯಾ ಶಾಸ್ತ್ರಕ್ಕೆ ಬೇಕಾದ ಅರಿಶಿನ, ಕುಂಕುಮ, ಅಡಿಕೆ, ಕೊಬ್ಬರಿ ಬಟ್ಟಲು, ಪಂಚೆ, ಚಿಲ್ಲರೆ ಕಾಸು ಎಲ್ಲವನ್ನೂ ಮನೆಯಲ್ಲೇ ಎಣಿಸಿ ಹಾಕಿ, ಬಾಯಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟುತ್ತಿದ್ದರು. ಪುರೋಹಿತರು ಕೇಳಿದಾಗ ಚೀಲ ಕೊಟ್ಟರೆ ಮುಗಿಯಿತು. ಅಡಿಕೆಯ ದೊಡ್ಡ ಪೊಟ್ಟಣವನ್ನು ಐದು ಸಲ ಬಿಚ್ಚಿ ಕಟ್ಟುವ, ಪ್ರತಿಸಲ ಅದನ್ನು ಬೇರೆ ಕಡೆ ಇಡುವ ಗೋಜೇ ಇಲ್ಲ. ಶಾಸ್ತ್ರ ಮುಗಿದರೆ ಚೀಲವೂ ಖಾಲಿ, ಅಷ್ಟು ಜಾಗವೂ ಖಾಲಿ.

ಬೀಗದ ಕೈ ಒಬ್ಬರ ಬಳಿಯೇ ಇರಬೇಕು ಎಂಬ ಹಳೆಯ ಪದ್ಧತಿಯನ್ನು ನಾನು ಕಳ್ಳತನದ ಭಯ ಎಂದುಕೊಂಡಿದ್ದೆ. ಅದು ಅರ್ಧ ಸತ್ಯ. ಹತ್ತು ಜನ ಒಳಗೆ ಹೋಗಿ ತಮಗೆ ಬೇಕಾದ್ದನ್ನು ತೆಗೆದುಕೊಂಡರೆ ಯಾವುದು ಎಲ್ಲಿದೆ ಎಂಬ ತಿಳಿವಳಿಕೆ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಬಾಗಿಲಿಗೆ ಅಡ್ಡವಾಗಿ ಒಂದು ಮೇಜು ಹಾಕಿ, ಕೇಳಿದ್ದನ್ನು ನಾನೇ ತೆಗೆದು ಕೊಡತೊಡಗಿದ ಮೇಲೆ ಅರ್ಧ ಗೊಂದಲ ಇಳಿಯಿತು. ಆದರೆ ಎಲ್ಲವೂ ಒಬ್ಬನ ತಲೆಯಲ್ಲಿ ಇದ್ದರೆ ಅವನು ಸ್ನಾನಕ್ಕೆ ಹೋದಾಗ ಮತ್ತೆ ಇಂಗಿನ ಕಥೆಯೇ. ಹಾಗಾಗಿ ಸೀಮೆಸುಣ್ಣ. ಸಾಮಾನು ಬರುವ ಮೊದಲೇ ಖಾಲಿ ನೆಲದ ಮೇಲೆ ಗೆರೆ ಎಳೆದು ಅಕ್ಕಿ, ಎಣ್ಣೆ, ತೆಂಗಿನಕಾಯಿ, ತಾಂಬೂಲ, ನೀರು ಎಂದು ಬರೆಯುತ್ತೇನೆ. ನಡುವಿನ ದಾರಿಯ ಎರಡೂ ಬದಿಗೆ ದಪ್ಪ ಗೆರೆ. ಸೂಟ್‌ಕೇಸಿಗೆ ಮನೆ ಬರೆದಿಲ್ಲ, ಆದ್ದರಿಂದ ಜಾಗವೂ ಇಲ್ಲ. ಬಾಯಲ್ಲಿ ಇಲ್ಲ ಎನ್ನಲು ಸಂಕೋಚಪಡುವ ನನ್ನಂಥವರಿಗೆ ಆ ಗೆರೆ ದೊಡ್ಡ ಉಪಕಾರಿ.

ಪಕ್ಕದಲ್ಲಿ ಯಾರು?

ಇಕ್ಕಟ್ಟಿನಲ್ಲಿ ವಸ್ತುಗಳು ಒಂದನ್ನೊಂದು ಕೆಡಿಸುತ್ತವೆ. ಹಣ್ಣಾಗುತ್ತಿರುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಗೊನೆಯ ಒಂದು ಕಾಯಿ ಹಣ್ಣಾದರೆ ಉಳಿದವೂ ಬೆನ್ನುಹತ್ತುವುದು ಅದರಿಂದಲೇ. ಮುಚ್ಚಿದ ಕೋಣೆಯಲ್ಲಿ ಆ ಗೊನೆಯ ಪಕ್ಕ ಸೊಪ್ಪು, ಸೌತೆಕಾಯಿ ಇಟ್ಟರೆ ಬೇಗ ಹಳದಿಗೆ ತಿರುಗುತ್ತವೆ, ಹೂವು ಬಾಡುತ್ತದೆ. ಕಾಫಿ ಪುಡಿಗೆ ಸುತ್ತಲ ವಾಸನೆಯನ್ನೆಲ್ಲ ಹೀರಿಕೊಳ್ಳುವ ಚಾಳಿ. ಊದುಬತ್ತಿಯ ಕಟ್ಟಿನ ಜೊತೆ ಒಂದು ರಾತ್ರಿ ಕಳೆದ ಕಾಫಿ ಪುಡಿಯ ಕಾಫಿ ಕುಡಿದ ಬೀಗರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಕರ್ಪೂರವೂ ಹಾಗೆಯೇ, ಸಕ್ಕರೆ ಅಕ್ಕಿಯಿಂದ ದೂರ ಇರಬೇಕು. ಇನ್ನು ಮೂಟೆಗಳು. ಅವು ನೆಲಕ್ಕೂ ತಾಗಬಾರದು, ಗೋಡೆಗೂ ತಾಗಬಾರದು. ನೆಲದಿಂದ ತೇವ ಏರುತ್ತದೆ. ಇಲಿ ಬಯಲಿನಲ್ಲಿ ಓಡಲು ಹೆದರಿ ಗೋಡೆಯಂಚನ್ನೇ ಹಿಡಿದು ಓಡುವ ಪ್ರಾಣಿ, ಗೋಡೆಗೆ ಒತ್ತಿದ ಮೂಟೆ ಅದಕ್ಕೆ ಮನೆಯೂ ಹೌದು ಊಟವೂ ಹೌದು. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಟ್ಟರೆ ಇಲಿಯ ಹಿಕ್ಕೆ ಕಾಣುತ್ತದೆ, ಪೊರಕೆ ಹೋಗುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ಭಾರದ್ದು ಮೊಣಕಾಲಿನಿಂದ ಎದೆಯ ನಡುವೆ, ಹಗುರವಾದದ್ದು ಮೇಲೆ. ಈಗ ಅಂಗಡಿಗಳಲ್ಲಿ ಕಾಣುವ 26 ಕಿಲೋ ಅಕ್ಕಿ ಚೀಲ 2022ರ ಜುಲೈ ನಂತರದ ಕೂಸು. 25 ಕಿಲೋವರೆಗಿನ ಪೊಟ್ಟಣದ ಧಾನ್ಯಕ್ಕೆ ಜಿಎಸ್‌ಟಿ ಬಂದಾಗ ವ್ಯಾಪಾರಿಗಳು ಒಂದು ಕಿಲೋ ಹೆಚ್ಚು ತುಂಬಿ ತೆರಿಗೆಯಿಂದ ಪಾರಾದರು. ತೆರಿಗೆಯ ಲೆಕ್ಕ ಏನೇ ಇರಲಿ, ಅದನ್ನು ತಲೆಯ ಮೇಲಿನ ಅಟ್ಟಕ್ಕೆ ಎತ್ತಿಡುವ ಕೆಲಸವನ್ನು ಯಾರಿಗೂ ಕೊಡಬೇಡಿ. ಅಟ್ಟ ಎಲೆ, ಲೋಟ, ಕಾಗದದ ಸುರುಳಿಗೆ.

ಬೆಂಕಿಯ ವಿಷಯದಲ್ಲಿ ಮಾತ್ರ ನಗುವಂತಿಲ್ಲ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಢಾಕುರಿಯಾದ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಆ ನೆಲಮಾಳಿಗೆ ವಾಹನ ನಿಲ್ಲಿಸಲು ಇದ್ದದ್ದು, ಅದು ಉಗ್ರಾಣವಾಗಿತ್ತು. ಉರಿಯುವ ಸಾಮಾನುಗಳು ಅಲ್ಲಿ ರಾಶಿ ಬಿದ್ದಿದ್ದವು. ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಸುಮಾರು ತೊಂಬತ್ತು ಜನ ಸತ್ತರು. ಹೆಚ್ಚಿನವರು ಹಾಸಿಗೆಯಿಂದ ಏಳಲಾಗದ ರೋಗಿಗಳು, ಉರಿ ಅವರನ್ನು ಮುಟ್ಟಲೇ ಇಲ್ಲ, ಹೊಗೆಯಲ್ಲಿ ಉಸಿರುಗಟ್ಟಿತು. ಉಕ್ಕಿದ ಉಗ್ರಾಣ ಮೊದಲು ನುಂಗುವುದು ಮನುಷ್ಯರು ತಪ್ಪಿಸಿಕೊಳ್ಳುವ ದಾರಿಯನ್ನು. ಮೆಟ್ಟಿಲ ಕೆಳಗೆ, ಹಿಂಬಾಗಿಲ ಮುಂದೆ, ವಿದ್ಯುತ್ ಫಲಕದ ಎದುರು, ಎಲ್ಲಿ ಖಾಲಿ ಕಾಣುತ್ತದೋ ಅಲ್ಲಿ ಪೆಟ್ಟಿಗೆ ಬಂದು ಕೂರುತ್ತದೆ. ಆ ಜಾಗಗಳು ಖಾಲಿ ಇರುವುದು ಖಾಲಿ ಇರಲೆಂದೇ. ಚಾವಣಿಯಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗಳಿದ್ದರೆ ಅವುಗಳ ಕೆಳಗೆ ಸುಮಾರು 45 ಸೆಂಟಿಮೀಟರ್ ಬಿಡಬೇಕು. ಸೂರು ಮುಟ್ಟುವಂತೆ ಪೆಟ್ಟಿಗೆ ಒಟ್ಟಿದರೆ ನೀರು ಹರಡುವುದಿಲ್ಲ, ಪಕ್ಕದ ರಾಶಿ ಉರಿಯುತ್ತಲೇ ಇರುತ್ತದೆ.

ಅಡುಗೆ ಅನಿಲದ ಸಿಲಿಂಡರ್ ಉಗ್ರಾಣದೊಳಗೆ ಬರಲೇಬಾರದು. ಆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗದೆ ನೀರಿನಂತೆ ತಗ್ಗಿಗೆ ಹರಿದು ನೆಲದ ಮೇಲೆ, ಮೂಟೆಗಳ ಸಂದಿಯಲ್ಲಿ ನಿಲ್ಲುತ್ತದೆ. ನೆಲಮಾಳಿಗೆಯಾದರಂತೂ ಹೊರಗೆ ಹೋಗಲು ದಾರಿಯೇ ಇಲ್ಲ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಒಂದು ಕಡೆ 100 ಕಿಲೋಗಿಂತ ಹೆಚ್ಚು ಅಡುಗೆ ಅನಿಲ ಇಟ್ಟುಕೊಳ್ಳುವಂತಿಲ್ಲ. ಹೋಟೆಲಿನವರು ಬಳಸುವ 19 ಕಿಲೋ ಸಿಲಿಂಡರ್ ಐದಾದರೆ 95 ಕಿಲೋ ಆಯಿತು. ದೊಡ್ಡ ಮದುವೆಯಲ್ಲಿ 'ಇರಲಿ, ಎರಡು ಹೆಚ್ಚಿಗೆ' ಎಂದು ತರಿಸುವವರು ಈ ಕೂಡಿಸುವ ಲೆಕ್ಕವನ್ನು ಒಮ್ಮೆ ಮಾಡಬೇಕು.

ಹೊರಗೆ ಹೋಗುವ ಬಾಗಿಲು

ಮದುವೆ ಉಗ್ರಾಣಕ್ಕೆ ಒಂದು ಪುಣ್ಯವಿದೆ. ಮೂರನೆಯ ದಿನ ಅದು ಖಾಲಿಯಾಗಲೇಬೇಕು. ಕಚೇರಿಗೆ, ಆಸ್ಪತ್ರೆಗೆ, ಶಾಲೆಗೆ ಆ ಪುಣ್ಯವಿಲ್ಲ. ಅಲ್ಲಿ ಮುರಿದ ಕುರ್ಚಿ, ಸತ್ತ ಪ್ರಿಂಟರ್, ಹಳೆಯ ಕ್ಯಾಲೆಂಡರುಗಳ ಕಟ್ಟು ವರ್ಷಗಟ್ಟಲೆ ಕೂತಿರುತ್ತವೆ, ಏಕೆಂದರೆ ಎಸೆಯಲು ಒಬ್ಬರ ಸಹಿ ಬೇಕು, ಇಟ್ಟುಕೊಳ್ಳಲು ಯಾರ ಸಹಿಯೂ ಬೇಡ. ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದ ಐದು ಹೆಜ್ಜೆಯ ಪದ್ಧತಿಯೊಂದಿದೆ. ಸೇರಿ, ಸೇಯ್ತೊನ್, ಸೇಯ್ಸೊ, ಸೇಯ್ಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆ, ಬೇಕಾದ್ದನ್ನು ಜೋಡಿಸು, ಗುಡಿಸು, ಅದನ್ನೇ ಪದ್ಧತಿ ಮಾಡು, ಪದ್ಧತಿಯನ್ನು ಬಿಡಬೇಡ. ನಮ್ಮಲ್ಲೂ ಗೋಡೆಯ ಮೇಲೆ ಅದರ ದೊಡ್ಡ ಫಲಕ ಇತ್ತು. ಫಲಕದ ಕೊನೆಯ ಎರಡು ಸಾಲು ಓದಲು ಆಗುತ್ತಿರಲಿಲ್ಲ, ಮುಂದೆ ಮುರಿದ ಕುರ್ಚಿಗಳನ್ನು ಪೇರಿಸಿದ್ದರು.

ಆ ಐದರಲ್ಲಿ ಮೊದಲನೆಯದೇ ಕಷ್ಟ, ಅದಕ್ಕೆ ಅವರು ಕಂಡುಕೊಂಡ ಉಪಾಯ ಕೆಂಪು ಚೀಟಿ. ಬೇಕೋ ಬೇಡವೋ ಗೊತ್ತಾಗದ ವಸ್ತುವಿಗೆ ದಿನಾಂಕ ಬರೆದ ಕೆಂಪು ಚೀಟಿ ಅಂಟಿಸಿ ಒಂದು ಮೂಲೆಗೆ ಸರಿಸಬೇಕು. ಗೊತ್ತುಮಾಡಿದ ಗಡುವಿನೊಳಗೆ ಯಾರೂ ಕೇಳದಿದ್ದರೆ ಗುಜರಿಗೆ. ಇದರ ಜಾಣತನ ಎಲ್ಲಿದೆ ಎಂದರೆ, ಎಸೆಯುವ ತೀರ್ಮಾನಕ್ಕೆ ಕಾರಣ ಕೊಡಬೇಕಾಗಿದ್ದ ಕಡೆ, ಇಟ್ಟುಕೊಳ್ಳುವ ತೀರ್ಮಾನಕ್ಕೆ ಕಾರಣ ಕೊಡಬೇಕಾಗುತ್ತದೆ. ಸರ್ಕಾರಿ ಕಚೇರಿಯ ದಾಖಲೆ ಕೋಣೆಗಳನ್ನು ನಾವು ಬೈಯುತ್ತೇವೆ, ಆದರೆ ಅಲ್ಲಿಯ ಹಳೆಯ ನಿಯಮ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಕಡತ ಮುಕ್ತಾಯವಾಗುವಾಗಲೇ ಅದಕ್ಕೊಂದು ವರ್ಗ ಹಾಕಬೇಕು. ಇದು ಶಾಶ್ವತ, ಇದು ಇಷ್ಟು ವರ್ಷ, ಇದು ಒಂದೇ ವರ್ಷ. ಒಳಗೆ ಹೋಗುವಾಗಲೇ ಹೊರಗೆ ಬರುವ ದಿನ ಹಣೆಯ ಮೇಲೆ ಬರೆದಿರುತ್ತದೆ. ನಿಯಮ ಪಾಲಿಸಿದ ಕಡೆ ಕೋಣೆ ಉಸಿರಾಡುತ್ತದೆ. ಪಾಲಿಸದ ಕಡೆಯ ವಿಷಯ ನಿಮಗೇ ಗೊತ್ತು.

ಮದುವೆಗೂ ನಾನು ಇದನ್ನು ತಂದುಕೊಂಡಿದ್ದೇನೆ. ದಿನಸಿ ಕೊಳ್ಳುವಾಗಲೇ 'ಬಿಚ್ಚದ ಮೂಟೆ ವಾಪಸು' ಎಂದು ಅಂಗಡಿಯವರೊಂದಿಗೆ ಮಾತಾಗಿರಬೇಕು. ಪಾತ್ರೆ ಬಾಡಿಗೆಯವರ ಪಟ್ಟಿಯನ್ನು ಬಾಗಿಲ ಒಳಮೈಗೆ ಅಂಟಿಸಿರಬೇಕು, ಕೊಪ್ಪರಿಗೆ ಎಷ್ಟು, ಸೌಟು ಎಷ್ಟು, ಜಾಲರಿ ಎಷ್ಟು. ಕೊನೆಯ ಪಂಕ್ತಿ ನಡೆಯುತ್ತಿರುವಾಗಲೇ ಎಣಿಕೆ ಶುರುವಾಗಬೇಕು. ಎಲ್ಲರೂ ಹೋದ ಮೇಲೆ ಎಣಿಸಿದರೆ ಒಂದು ಸೌಟು ಯಾವಾಗಲೂ ಕಡಿಮೆ.

ಕಳೆದ ವೈಶಾಖದಲ್ಲಿ ಒಂದು ಮದುವೆ. ನಾವು ನಾಲ್ಕು ಗಂಟೆಗೆ ಮಂಟಪ ಬಿಟ್ಟುಕೊಡಬೇಕಿತ್ತು, ಮುಂದಿನ ಮದುವೆಯವರ ಸಾಮಾನು ಮೂರಕ್ಕೇ ಬಂದು ಗೇಟಿನಲ್ಲಿ ನಿಂತಿತ್ತು. ಇಂಥ ಒಂದು ಗಂಟೆಯಲ್ಲೇ ಎರಡು ಮನೆಯ ತಾಂಬೂಲದ ಚೀಲಗಳು ಒಂದೇ ಓಣಿಯಲ್ಲಿ ಬೆರೆತುಹೋಗುವುದು. ನಾನು ಹೊರಗೆ ಹೋಗಿ, ನಮ್ಮದು ಪೂರ್ತಿ ಹೊರಟ ಮೇಲೆ ನಿಮ್ಮದು ಇಳಿಯಲಿ ಎಂದು ಕೇಳಿಕೊಂಡೆ. ಅವರ ಕಡೆ ಬೀಗದ ಕೈ ಹಿಡಿದವಳು ಇಪ್ಪತ್ತೈದರ ಹುಡುಗಿ, ಮದುಮಗನ ತಂಗಿ. ಒಪ್ಪಿದಳು. ಮೂಟೆಗಳೆಲ್ಲ ಹೊರಟ ಮೇಲೆ ಬಂದು ಹೊಸ್ತಿಲಲ್ಲಿ ನಿಂತು, ನೆಲದ ಮೇಲಿನ ಗೆರೆಗಳನ್ನೂ ಅಕ್ಷರಗಳನ್ನೂ ನೋಡಿದಳು. ಮಂಟಪದ ಆಳು ಒದ್ದೆ ಬಟ್ಟೆ ಹಿಡಿದು ಒಳಗೆ ಕಾಲಿಡುತ್ತಿದ್ದ.

"ಅಣ್ಣಾ, ಗುಡಿಸಿ ಸಾಕು, ಒರೆಸಬೇಡಿ" ಎಂದಳು.